ಐಪ್ಯಾಡ್ 9: ಗಾಜು ಒಡೆದಿದೆ, ಟಚ್ ಅರ್ಧ ಸತ್ತಿದೆ, ಚಿತ್ರ ಸರಿಯಿದೆ. ಏನೇನು ಬದಲಿಸಬೇಕು?

ಸ್ಲೇಟು_ಬಳಪ

ಐಪ್ಯಾಡ್ 9ನೇ ತಲೆಮಾರು, 2021ರದ್ದು. ಬೆನ್ನ ಮೇಲೆ ಎ2602 ಎಂದಿದೆ, ವೈಫೈ ಮಾತ್ರ ಇರುವುದು. ಕ್ಯಾಮೆರಾ ಇರುವ ತುದಿಯ ಒಂದು ಮೂಲೆ ನೆಲಕ್ಕೆ ಬಡಿದು ಗಾಜು ಒಡೆದಿದೆ. ಚಿತ್ರದಲ್ಲಿ ಗೆರೆ, ಕಪ್ಪು ಕಲೆ ಏನೂ ಇಲ್ಲ, ಬಣ್ಣವೂ ಸರಿಯಿದೆ. ಆದರೆ ಟಚ್ ಮೇಲಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೆಲಸ ಮಾಡುತ್ತಿದೆ. ಕೆಳಗೆ ಮುಟ್ಟಿದರೆ ಸುಮ್ಮನಿರುತ್ತದೆ, ಮುಟ್ಟದಿದ್ದಾಗ ಒಮ್ಮೊಮ್ಮೆ ತಾನೇ ಆ್ಯಪ್ ತೆರೆಯುತ್ತದೆ. ಬೆರಳಚ್ಚು ಈಗಲೂ ಓದುತ್ತಿದೆ. ಬಡಿದ ಮೂಲೆಯಲ್ಲಿ ಅಲ್ಯೂಮಿನಿಯಂ ಅಂಚು ಸುಮಾರು ಒಂದು ಮಿ.ಮೀ. ಒಳಕ್ಕೆ ತಗ್ಗಿದೆ. ಬ್ಯಾಟರಿ ಬೀಳುವ ಮುಂಚಿನಿಂದಲೂ ಬೇಗ ಇಳಿಯುತ್ತಿತ್ತು.

ಬರೀ ಗಾಜು ಬದಲಿಸಿದರೆ ಸಾಕೇ, ಇಡೀ ಡಿಸ್‌ಪ್ಲೇ ತರಿಸಬೇಕೇ? ಹೇಗೂ ಬಿಚ್ಚುವಾಗ ಬ್ಯಾಟರಿಯನ್ನೂ ಬದಲಿಸಿಬಿಡಲೇ? ಅಂಟಿಸಲು ಟೇಪ್ ಒಳ್ಳೆಯದೋ ಗಮ್ ಒಳ್ಳೆಯದೋ? ಫೋನಿನ ಬ್ಯಾಟರಿ ಬದಲಿಸಿ ಅಭ್ಯಾಸವಿದೆ, ಬೆಸುಗೆ ಹಾಕಲು ಬರುವುದಿಲ್ಲ.

ಬೆಸುಗೆ_ಕಡ್ಡಿ

ಬರೀ ಗಾಜು ಸಾಕು, ಚಿತ್ರ ಮೂಡಿಸುವ ಎಲ್‌ಸಿಡಿ ಹಲಗೆ ಹಾಗೇ ಇರಲಿ. ಈ ಮಾಡೆಲ್‌ನಲ್ಲಿ ಎರಡೂ ಬೇರೆ ಬೇರೆ. ಟಚ್ ಪದರ ಗಾಜಿನ ಹಿಂಬದಿಗೆ ಅಂಟಿಕೊಂಡಿದೆ, ಆ ಜೋಡಿಗೇ ಡಿಜಿಟೈಸರ್ ಎನ್ನುವುದು. ಅದರಡಿ ತೆಳ್ಳನೆಯ ಗಾಳಿಯ ಸಂದು, ಅದರಡಿ ಎಲ್‌ಸಿಡಿ. ಪರದೆಯನ್ನು ಓರೆಯಾಗಿ ನೋಡಿ, ಚಿತ್ರ ಗಾಜಿಗಿಂತ ತುಸು ಕೆಳಗೆ ಕುಳಿತಂತೆ ಕಾಣುತ್ತದೆ. ಉಗುರಿನಿಂದ ತಟ್ಟಿದರೆ ಟೊಳ್ಳು ಸದ್ದು. 2013ರ ಮೊದಲ ಏರ್, 2017ರ 5ನೇ ತಲೆಮಾರಿನಿಂದ ಈಚಿನ ಸಾದಾ ಐಪ್ಯಾಡ್‌ಗಳು ಎಲ್ಲ ಹೀಗೆಯೇ. 2014ರ ಏರ್ 2, ಮಿನಿ 4, ಪ್ರೊ ಸಾಲಿನವು ಹಾಗಲ್ಲ. ಅವುಗಳಲ್ಲಿ ಗಾಜನ್ನೂ ಎಲ್‌ಸಿಡಿಯನ್ನೂ ಪಾರದರ್ಶಕ ಅಂಟಿನಿಂದ ಒಂದೇ ಹಲಗೆ ಮಾಡಿರುತ್ತಾರೆ. ಗಾಜೊಂದನ್ನೇ ಬಿಡಿಸಲು ಬಿಸಿ ಹಲಗೆ, ಕತ್ತರಿಸುವ ತಂತಿ, ಗುಳ್ಳೆ ತೆಗೆಯುವ ಯಂತ್ರ ಎಲ್ಲ ಬೇಕು. ಮೇಜಿನ ಮೇಲೆ ಆಗುವ ಕೆಲಸವಲ್ಲ, ಇಡೀ ಅಸೆಂಬ್ಲಿಯನ್ನೇ ತರಿಸಬೇಕಾಗುತ್ತದೆ.

ಯಾವ ಭಾಗ ಹೋಗಿದೆ ಎಂದು ಲಕ್ಷಣವೇ ಹೇಳುತ್ತದೆ. ಟಚ್ ಸತ್ತು ಚಿತ್ರ ನೆಟ್ಟಗಿದ್ದರೆ ಡಿಜಿಟೈಸರ್. ಉದ್ದ ಗೆರೆ, ಶಾಯಿ ಚೆಲ್ಲಿದಂಥ ಕಪ್ಪು ಕಲೆ ಇದ್ದರೆ ಎಲ್‌ಸಿಡಿ. ಪರದೆ ಕತ್ತಲಾಗಿದ್ದು ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಬ್ಯಾಕ್‌ಲೈಟ್, ಅಂದರೆ ಎಲ್‌ಸಿಡಿಯ ಹಿಂದಿನ ಬೆಳಕು. ಅದು ಬಹುಮಟ್ಟಿಗೆ ಮುಖ್ಯ ಸರ್ಕ್ಯೂಟ್ ಬೋರ್ಡಿನ ತೊಂದರೆ, ಪರದೆ ಬದಲಿಸಿ ಪ್ರಯೋಜನವಿಲ್ಲ. ತಾನೇ ಆ್ಯಪ್ ತೆರೆಯುವುದು ಒಡೆದ ಡಿಜಿಟೈಸರ್‌ನಲ್ಲಿ ಸಾಮಾನ್ಯ, ಆದರೆ ಉಬ್ಬಿದ ಬ್ಯಾಟರಿ ಕೆಳಗಿನಿಂದ ಒತ್ತಿದರೂ ಹಾಗೇ ಆಗುತ್ತದೆ. ಆದ್ದರಿಂದ ಈಗಲೇ ಒಂದು ಪರೀಕ್ಷೆ ಮಾಡಿ. ಟ್ಯಾಬನ್ನು ಸಮತಟ್ಟಾದ ಗಾಜಿನ ಮೇಜಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು ಒಂದು ಮೂಲೆ ಒತ್ತಿ. ತೊಟ್ಟಿಲ ಹಾಗೆ ತೂಗಿದರೆ, ಅಥವಾ ಗಾಜಿನ ಉದ್ದ ಅಂಚಿನ ಮಧ್ಯದಲ್ಲಿ ಸಂದು ಬಿಟ್ಟಿದ್ದರೆ ಬ್ಯಾಟರಿ ಉಬ್ಬಿದೆ ಎಂದೇ ಲೆಕ್ಕ. ಹಾಗಿದ್ದರೆ ಬಿಸಿ ಕೊಡುವ ಮುನ್ನ ಇಲ್ಲಿ ಬರೆಯಿರಿ, ದಾರಿ ಬೇರೆ.

ಭಾಗ ತರಿಸುವಾಗ 10.2 ಇಂಚು ಎಂಬ ಅಳತೆ ನೋಡಿ ಕೊಳ್ಳಬೇಡಿ. 7, 8, 9 ಮೂರೂ 10.2 ಇಂಚೇ. ಬೆನ್ನ ಮೇಲಿನ ಎ2602 ಸಂಖ್ಯೆಗೆ ಎಂದೇ ಬರೆದಿರುವುದನ್ನು ತೆಗೆದುಕೊಳ್ಳಿ. ಹೋಮ್ ಬಟನ್ ಸಮೇತ ಬರುವ ಡಿಜಿಟೈಸರ್ ನೋಡಿ ಮನಸೋಲಬೇಡಿ. ಆ ಬಟನ್ ಒತ್ತಲು ಮಾತ್ರ, ಬೆರಳಚ್ಚು ಓದುವುದಿಲ್ಲ. ಬೆರಳಚ್ಚಿನ ಸೆನ್ಸರ್ ಕಾರ್ಖಾನೆಯಲ್ಲೇ ಬೋರ್ಡಿನ ಜೊತೆ ಜೋಡಿಯಾಗಿರುತ್ತದೆ, ಹಳೆಯ ಬಟನ್ನೇ ಹೊಸ ಗಾಜಿಗೆ ಬರಬೇಕು.

ತಿರುಗಣೆ

ಮೇಲಿನದೆಲ್ಲ ಒಪ್ಪಿಗೆ. ಬಿಚ್ಚುವ ಕ್ರಮ ನಾನು ಬರೆಯುತ್ತೇನೆ, ಹೆಚ್ಚಿನವರು ಎಡವುವುದು ಅವಸರದಿಂದ.

ಬೇಕಾದ್ದು: ಹೇರ್ ಡ್ರೈಯರ್ ಅಥವಾ ಬಿಸಿ ಚೀಲ, ಸಕ್ಷನ್ ಕಪ್, ಮೀಟಲು ತೆಳ್ಳನೆಯ ಪ್ಲಾಸ್ಟಿಕ್ ಪಿಕ್ ಕನಿಷ್ಠ ಆರು, ಫಿಲಿಪ್ಸ್ 00 ಮತ್ತು 000 ಸ್ಕ್ರೂಡ್ರೈವರ್, ತುದಿ ಚೂಪಲ್ಲದ ಟ್ವೀಜರ್, ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪ್, 99% ಐಸೋಪ್ರೊಪೈಲ್ ಆಲ್ಕೊಹಾಲ್, ಕರೆಂಟ್ ಹರಿಯಗೊಡದ ತೆಳು ಕ್ಯಾಪ್ಟಾನ್ ಟೇಪ್, ಗಾಳಿ ಊದುವ ರಬ್ಬರ್ ಬುರುಡೆ, ಕಣ್ಣಿಗೆ ಕನ್ನಡಕ. ಕನ್ನಡಕ ಶೋಕಿಗಲ್ಲ. ಒಡೆದ ಗಾಜನ್ನು ಮೀಟುವಾಗ ಚೂರು ಸಿಡಿಯುವುದು ನೇರ ಮೇಲಕ್ಕೇ.

ಮೊದಲು ಬ್ಯಾಕಪ್. ಆಮೇಲೆ ಚಾರ್ಜನ್ನು 25%ಕ್ಕಿಂತ ಕೆಳಗೆ ಇಳಿಸಿ ಪೂರ್ತಿ ಆಫ್ ಮಾಡಿ. ತುಂಬಿದ ಲಿಥಿಯಂ ಬ್ಯಾಟರಿಗೆ ಪಿಕ್ ಚುಚ್ಚಿದರೆ ಆಗುವ ಅನಾಹುತ ಖಾಲಿಯಾದದ್ದಕ್ಕಿಂತ ಬಹಳ ದೊಡ್ಡದು. ಒಡೆದ ಗಾಜಿನ ಮೇಲೆ ಪ್ಯಾಕಿಂಗ್ ಟೇಪನ್ನು ಒಂದರ ಮೇಲೊಂದು ತುಸು ಹತ್ತುವಂತೆ ಪೂರ್ತಿ ಅಂಟಿಸಿ. ಚೂರುಗಳು ಕೈಗೆ ಬರದೆ ಟೇಪಿಗೇ ಉಳಿಯುತ್ತವೆ, ಸಕ್ಷನ್ ಕಪ್ಪಿಗೂ ಹಿಡಿತ ಸಿಗುತ್ತದೆ.

ಇನ್ನೊಂದು ಕೆಲಸ, ಇದನ್ನು ಯಾರೂ ಹೇಳುವುದಿಲ್ಲ. ಹೊಸ ಡಿಜಿಟೈಸರನ್ನು ಹಳೆಯದರ ಪಕ್ಕ ಅದೇ ದಿಕ್ಕಿಗೆ ಇಡಿ. ರಿಬ್ಬನ್, ಅಂದರೆ ಅದರ ಚಪ್ಪಟೆ ಕೇಬಲ್, ಯಾವ ಅಂಚಿನಿಂದ, ಎಷ್ಟು ದೂರದಲ್ಲಿ ಹೊರಡುತ್ತದೆ ನೋಡಿ, ಹಳೆಯ ಗಾಜಿನ ಟೇಪ್ ಮೇಲೆ ಅದೇ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಆ ಗುರುತಿನ ಹತ್ತಿರ ಪಿಕ್ ಆಳಕ್ಕೆ ಹೋಗಬಾರದು. ಕ್ಯಾಮೆರಾದ ಸುತ್ತಲೂ ಗುರುತು ಹಾಕಿ, ಹೋಮ್ ಬಟನ್ನಿನ ಎರಡೂ ಪಕ್ಕಕ್ಕೂ. ಬಟನ್ನಿನ ಅಕ್ಕಪಕ್ಕದಲ್ಲಿ ಗಾಜಿನಡಿ ಆಂಟೆನಾ ಪಟ್ಟಿ ಇರುತ್ತದೆ, ಕತ್ತರಿಸಿದರೆ ವೈಫೈ ಸಿಗ್ನಲ್ ಕುಂಟುತ್ತದೆ.

ಬಿಸಿ ಕೊಡುವುದು ಒಂದು ಅಂಚಿಗೆ ಎರಡು ನಿಮಿಷ, ಡ್ರೈಯರ್ ಅಲ್ಲಾಡಿಸುತ್ತಲೇ ಇರಬೇಕು. ಗಾಜಿನ ಮೇಲ್ಮೈ 70-80 ಡಿಗ್ರಿ ಸೆಲ್ಸಿಯಸ್ ಸಾಕು. ಅದಕ್ಕಿಂತ ಕಡಿಮೆಯಾದರೆ ಅಂಟು ಬಿಡುವುದಿಲ್ಲ, ಹೆಚ್ಚಾದರೆ ಎಲ್‌ಸಿಡಿಯ ಮೇಲಿನ ಪೋಲರೈಸರ್ ಪದರ ಹಳದಿಯಾಗಿ ಕಲೆ ಬೀಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಗೈ ಹಿಂಬದಿ ತಾಗಿಸಿದರೆ ಒಂದು ಸೆಕೆಂಡಿಗೂ ಹೆಚ್ಚು ಇಡಲಾಗದಷ್ಟು ಬಿಸಿ ಎಂದು ಅಂದಾಜಿಟ್ಟುಕೊಳ್ಳಿ. ಹೀಟ್ ಗನ್ ಇದ್ದರೂ ಪಕ್ಕಕ್ಕಿಡಿ, ಅದು ಕ್ಷಣದಲ್ಲಿ ಇನ್ನೂರು ದಾಟುತ್ತದೆ.

ಪೆಟ್ಟು ಬೀಳದ ಉದ್ದ ಅಂಚಿನ ಮಧ್ಯದಿಂದ ಶುರು ಮಾಡಿ. ಸಕ್ಷನ್ ಕಪ್ ಎಳೆದು ಸಂದು ಬಿಟ್ಟ ಕೂಡಲೇ ಪಿಕ್ ತೂರಿಸಿ, ಅದನ್ನು ಅಲ್ಲೇ ಬಿಟ್ಟು ಎರಡನೆಯದನ್ನು ಹಿಡಿಯಿರಿ. ಬಿಟ್ಟ ಪಿಕ್‌ಗಳು ಅಂಟು ಮತ್ತೆ ಕೂಡದಂತೆ ತಡೆಯುತ್ತವೆ. ಕಪ್ಪು ಅಂಚಿನ ಅಗಲಕ್ಕಿಂತ ಒಳಗೆ ಪಿಕ್ ಹೋಗಬಾರದು, ಸುಮಾರು 6 ಮಿ.ಮೀ. ಎಂದುಕೊಳ್ಳಿ. ಗುರುತು ಹಾಕಿದ ಜಾಗಗಳಲ್ಲಿ 2 ಮಿ.ಮೀ. ಮಾತ್ರ. ಪಿಕ್ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಮತ್ತೆ ಬಿಸಿ ಮಾಡಿ. ಒಡೆದ ಮೂಲೆ ಕೊನೆಗೆ. ಅಲ್ಲಿ ಗಾಜು ಪುಡಿಯಾಗಿ ಬರುತ್ತದೆ, ಒಂದೊಂದೇ ಚೂರು ಟ್ವೀಜರ್‌ನಲ್ಲಿ ತೆಗೆಯಬೇಕು.

ಗಾಜು ಬಿಟ್ಟಿತೆಂದು ಎತ್ತಿ ಎಳೆಯಬೇಡಿ. ರಿಬ್ಬನ್ನಿನ ಕನೆಕ್ಟರ್ ಎಲ್‌ಸಿಡಿಯ ಅಡಿಯಲ್ಲಿದೆ. ಗಾಜನ್ನು ಪುಸ್ತಕದ ಪುಟ ಮಗುಚಿದ ಹಾಗೆ ರಿಬ್ಬನ್ ಇರುವ ಕಡೆಗೆ ಮಗುಚಿ. ಎಲ್‌ಸಿಡಿಯ ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಕ್ರೂ, ಕೆಲವು ಫೋಮ್ ಪಟ್ಟಿಯ ಅಡಿ ಅಡಗಿರುತ್ತವೆ. ಅವನ್ನು ತೆಗೆದು, ಕ್ಯಾಮೆರಾ ತುದಿಯಿಂದ ಎತ್ತಿ, ಹೋಮ್ ಬಟನ್ ಕಡೆಗೆ ಮಗುಚಿ ಮಲಗಿಸಿ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಬೇಕು. ಎಲ್‌ಸಿಡಿ ಸುಲಭವಾಗಿ ಏಳದಿದ್ದರೆ ಅಂಟು ಹಿಡಿದಿದೆ, ಅಗಲ ಕಾರ್ಡಿನಿಂದ ಸಾವಕಾಶ ಬಿಡಿಸಿ. ಸ್ಕ್ರೂ ಮರೆತು ಮೀಟಿದರೆ ಒಳ್ಳೆಯ ಎಲ್‌ಸಿಡಿಯ ಮೂಲೆ ಬಿರುಕು ಬಿಡುತ್ತದೆ.

ಕನೆಕ್ಟರ್‌ಗಳಿಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಸಂಪರ್ಕ ಕಡಿಯಬೇಕು. ಈ ಸಾಲಿನಲ್ಲಿ ಬ್ಯಾಟರಿಗೆ ಕೀಳಬಹುದಾದ ಪ್ಲಗ್ ಇಲ್ಲ. ಬೋರ್ಡಿನ ಅಡಿ ಸ್ಪ್ರಿಂಗ್ ಸಂಪರ್ಕ, ಮೇಲಿನಿಂದ ಒಂದು ಸ್ಕ್ರೂ. ಸ್ಕ್ರೂ ತೆಗೆದು ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಸಂಪರ್ಕದ ನಡುವೆ ತೂರಿಸಿದರೆ ಕರೆಂಟ್ ನಿಂತಂತೆ.

ಬೆಸುಗೆ_ಕಡ್ಡಿ

ಆ ಕೊನೆಯ ಸಾಲಿಗೆ ಒಂದು ತಕರಾರು. ಪ್ಲಾಸ್ಟಿಕ್ ಚೂರು ತೂರಿಸುವುದರಲ್ಲೇ ಬೋರ್ಡ್ ಕೆಡಿಸಿಕೊಂಡವರು ಬಹಳ. ಅಗಲ ತುದಿಯ ದಪ್ಪ ಪಿಕ್ ಒತ್ತಿ ಅಲ್ಲಾಡಿಸಿದರೆ ಸ್ಪ್ರಿಂಗಿನ ಎಸಳು ಮಡಚಿಕೊಳ್ಳುತ್ತದೆ, ಆಮೇಲೆ ಟ್ಯಾಬ್ ಏಳುವುದೇ ಇಲ್ಲ. ಇಸ್ಪೀಟ್ ಎಲೆಯನ್ನು ಸಂಪರ್ಕದ ಅಗಲಕ್ಕೆ ತಕ್ಕಂತೆ ಕತ್ತರಿಸಿ, ಸುಮಾರು 0.3 ಮಿ.ಮೀ. ದಪ್ಪ ಇರುತ್ತದೆ, ನೆಟ್ಟಗೆ ಒಂದೇ ಸಲ ತೂರಿಸಿ ಬಿಟ್ಟುಬಿಡಿ. ತಡೆದರೆ ಹಿಂದಕ್ಕೆ ತೆಗೆಯಿರಿ, ಕುಲುಕಬೇಡಿ.

ಹಾಗೆಂದು ಈ ಹಂತವನ್ನೇ ಬಿಡುವಂತಿಲ್ಲ. "ಆಫ್ ಮಾಡಿದ್ದೇನೆ, ಚಾರ್ಜ್ ಸೊನ್ನೆ" ಎಂದು ಎಲ್‌ಸಿಡಿ ಕನೆಕ್ಟರ್ ಕೀಳುವವರು ಇದ್ದಾರೆ. ಪರದೆಯಲ್ಲಿ ಸೊನ್ನೆ ತೋರಿಸಿದರೂ ಬ್ಯಾಟರಿಯಲ್ಲಿ ಮೂರು ವೋಲ್ಟಿಗೂ ಮೇಲೆ ಉಳಿದಿರುತ್ತದೆ. ಬ್ಯಾಕ್‌ಲೈಟ್‌ಗೆ ಅದನ್ನು ಹಲವು ಪಟ್ಟು ಏರಿಸಿ ಕೊಡುವ ಸರ್ಕ್ಯೂಟ್ ಬೋರ್ಡಿನಲ್ಲಿದೆ. ಜೀವ ಇರುವಾಗ ಕನೆಕ್ಟರ್ ಓರೆಯಾಗಿ ಎದ್ದರೆ ಅಥವಾ ಕೂತರೆ ಆ ವೋಲ್ಟೇಜ್ ಪಕ್ಕದ ಪಿನ್ನಿಗೆ ಹಾರಿ, ಮರಳಿನ ಕಣದಷ್ಟು ದೊಡ್ಡ ಫಿಲ್ಟರ್ ಎಂಬ ಬಿಡಿಭಾಗ ಸುಡುತ್ತದೆ. ಮೇಲೆ ಹೇಳಿದ ಟಾರ್ಚ್ ಹಿಡಿದಾಗ ಮಾತ್ರ ಕಾಣುವ ಚಿತ್ರದ ಸ್ಥಿತಿ ಬರುವುದು ಬಹುಪಾಲು ಹೀಗೆ. ಅದನ್ನು ಸರಿಮಾಡಲು ಮೈಕ್ರೋಸ್ಕೋಪ್ ಅಡಿ ಬೆಸುಗೆ ಬೇಕು, ನಿಮಗೆ ಬರುವುದಿಲ್ಲ ಎಂದಿದ್ದೀರಿ.

ಕ್ರಮ ಹೀಗಿರಲಿ: ಬ್ಯಾಟರಿ ಕಡಿದ ಮೇಲೆ ಎಲ್‌ಸಿಡಿ ಕನೆಕ್ಟರಿನ ಮುಚ್ಚಳದ ಸ್ಕ್ರೂ, ಮುಚ್ಚಳ, ಎಲ್‌ಸಿಡಿ ಕನೆಕ್ಟರ್, ಆಮೇಲೆ ಡಿಜಿಟೈಸರ್ ಕನೆಕ್ಟರ್. ಜೋಡಿಸುವಾಗ ಬ್ಯಾಟರಿ ಎಲ್ಲದಕ್ಕಿಂತ ಕೊನೆ. ಸ್ಕ್ರೂಗಳನ್ನು ಕಾಗದದ ಮೇಲೆ ಟ್ಯಾಬಿನ ಚಿತ್ರ ಬರೆದು ಅದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಬೋರ್ಡಿನ ಒಳಪದರ ಕೊರೆದುಬಿಡುತ್ತದೆ.

ಸ್ಲೇಟು_ಬಳಪ

ಗಾಜಿನ ಮೇಜಿನ ಮೇಲೆ ಇಟ್ಟು ನೋಡಿದೆ, ತೂಗುವುದಿಲ್ಲ, ಅಂಚಿನ ಸಂದು ಎಲ್ಲ ಕಡೆ ಒಂದೇ. ಹಾಗಾದರೆ ಬ್ಯಾಟರಿ ಈಗ ಮುಟ್ಟುವುದೋ ಬೇಡವೋ? ತಗ್ಗಿದ ಮೂಲೆಗೆ ಏನಾದರೂ ಮಾಡಬೇಕೇ, ಗಾಜು ಹಾಗೇ ಕೂರುತ್ತದೆಯೇ?

ಅಂಟುಪಟ್ಟಿ

ಮೂಲೆಯ ಕೆಲಸ ಗಾಜಿನ ಕೆಲಸಕ್ಕಿಂತ ಮುಖ್ಯ. ಹೊಸ ಗಾಜು ಹಾಕಿ ಮೂರೇ ದಿನಕ್ಕೆ ಅದೇ ಮೂಲೆಯಿಂದ ಬಿರುಕು ಬಂತು ಎಂದು ದೂರುವವರೆಲ್ಲ ಇಲ್ಲೇ ತಪ್ಪಿದವರು. ಗಾಜಿನ ಅಂಚು ಲೋಹಕ್ಕೆ ತಾಗಿಕೊಂಡು ಒತ್ತಡದಲ್ಲಿ ಕೂತಿರುತ್ತದೆ, ತಣ್ಣಗಾದಾಗ ಅಲ್ಯೂಮಿನಿಯಂ ಗಾಜಿಗಿಂತ ಹೆಚ್ಚು ಕುಗ್ಗಿ ಅದನ್ನು ಹಿಂಡುತ್ತದೆ, ಟಪ್ ಎಂದು ಸೀಳುತ್ತದೆ. ಭಾಗದ ಗುಣಮಟ್ಟವನ್ನು ಬೈದು ಉಪಯೋಗವಿಲ್ಲ.

ಹಳೆಯ ಅಂಟು, ಗಾಜಿನ ಪುಡಿ ಪೂರ್ತಿ ತೆಗೆದ ಮೇಲೆ ಹೊಸ ಗಾಜನ್ನು ಏನೂ ಅಂಟಿಸದೆ, ರಿಬ್ಬನ್ ಸಿಕ್ಕಿಸದೆ ಚೌಕಟ್ಟಿನಲ್ಲಿ ಇಟ್ಟು ನೋಡಿ. ತನ್ನ ಭಾರಕ್ಕೇ ಒಳಗೆ ಇಳಿಯಬೇಕು. ಸುತ್ತ ಒಂದು ಹಾಳೆ ಕಾಗದ ಹೋಗುವಷ್ಟು ಸಂದು ಇರಬೇಕು. ಬೆರಳು ಒತ್ತಿದರೆ ಮಾತ್ರ ಕೂರುತ್ತದೆ ಎಂದರೆ ಕೂತಿಲ್ಲ ಎಂದೇ ಅರ್ಥ. ತಗ್ಗು ಒಂದು ಮಿ.ಮೀ. ಇದ್ದರೆ ಮೊದಲು ಒಳಗಿನಿಂದ ಹೊರಕ್ಕೆ ಒತ್ತಿ ಸರಿಪಡಿಸಲು ನೋಡಿ. ಗಟ್ಟಿ ಪ್ಲಾಸ್ಟಿಕ್ ಅಥವಾ ಮರದ ತುಂಡು ಒಳಗಿಟ್ಟು ಸಾವಕಾಶವಾಗಿ ಒತ್ತಬೇಕು, ಸುತ್ತಿಗೆ ಬೇಡ. ಉಳಿದದ್ದನ್ನು ಸಣ್ಣ ಚಪ್ಪಟೆ ಅರದಿಂದ ಒಳಬದಿ ಮಾತ್ರ ತೇಯಿರಿ. ತೇಯುವ ಮುಂಚೆ ಬೋರ್ಡ್, ಸ್ಪೀಕರ್ ರಂಧ್ರ, ಕನೆಕ್ಟರ್ ಎಲ್ಲಕ್ಕೂ ಟೇಪ್ ಮುಚ್ಚಿ, ಟ್ಯಾಬನ್ನು ಓರೆ ಹಿಡಿದು ಪುಡಿ ಹೊರಗೆ ಬೀಳುವಂತೆ ಮಾಡಿ. ಅಲ್ಯೂಮಿನಿಯಂ ಪುಡಿ ಕರೆಂಟ್ ಹರಿಸುತ್ತದೆ. ಒಂದು ಕಣ ಕನೆಕ್ಟರಿಗೆ ಬಿದ್ದರೆ ಆಮೇಲೆ ತಲೆ ಚಚ್ಚಿಕೊಂಡರೂ ಕಾರಣ ಗೊತ್ತಾಗುವುದಿಲ್ಲ.

ಟೇಪೋ ಗಮ್ಮೋ ಎಂದು ಕೇಳಿದ್ದಿರಿ. ಟೇಪ್. ಮಾಡೆಲ್‌ಗೆ ಕತ್ತರಿಸಿಟ್ಟ ಪಟ್ಟಿ ಸಿಕ್ಕರೆ ಬಹಳ ಒಳ್ಳೆಯದು, ಸಿಗದಿದ್ದರೆ 2 ಮಿ.ಮೀ. ಅಗಲದ ತೆಳು ಡಬಲ್ ಸೈಡ್ ಟೇಪ್. ಬಿ-7000 ಥರದ ಗಮ್ ಹಿಡಿತದಲ್ಲಿ ಬಲವಾದದ್ದೇ, ಆದರೆ ಒತ್ತಿದಾಗ ಒಳಕ್ಕೆ ಹರಿದು ಎಲ್‌ಸಿಡಿಯ ಮೇಲೆ ಅಂಚಿನಿಂದ ಇಣುಕುತ್ತದೆ, ಹೋಮ್ ಬಟನ್ನಿನ ಸಂದಿಗೆ ನುಗ್ಗಿದರೆ ಬಟನ್ ಒತ್ತುವುದೇ ನಿಲ್ಲುತ್ತದೆ, ಪೂರ್ತಿ ಒಣಗಲು 24ರಿಂದ 48 ಗಂಟೆ ಬೇಕು. ಗಮ್ಮಿಗೆ ಜಾಗ ಇರುವುದು ಒಂದೇ ಕಡೆ: ಅರ ಹಾಕಿದ ಮೂಲೆಯಲ್ಲಿ ಟೇಪ್ ಕೂರಲು ಸಮ ಜಾಗ ಇಲ್ಲದಿದ್ದರೆ ಸೂಜಿಮೊನೆಯಷ್ಟು. ಲೋಹದ ಮೇಲೆ ಆಲ್ಕೊಹಾಲ್ ಒರೆಸಿ ಒಣಗಿಸದೆ ಟೇಪ್ ಹಾಕಿದರೆ ವಾರಕ್ಕೆ ಎದ್ದು ಬರುತ್ತದೆ.

ಹೋಮ್ ಬಟನ್ ತೆಗೆಯುವುದು ಇಡೀ ಕೆಲಸದ ನಾಜೂಕು ಭಾಗ. ಬಟನ್ನಿನ ಸುತ್ತ ತೆಳು ರಬ್ಬರ್ ಉಂಗುರ ಗಾಜಿಗೆ ಅಂಟಿರುತ್ತದೆ, ಹಿಂದೆ ಹಿಡಿಯುವ ಲೋಹದ ಪಟ್ಟಿಯೂ ಅಂಟಿರುತ್ತದೆ. ರಿಬ್ಬನ್ ಎಲ್ಲಿ ಸೇರುತ್ತದೆ ಎಂದು ಹೊಸ ಭಾಗದಲ್ಲಿ ನೋಡಿಕೊಂಡು ಮೊದಲು ಅದನ್ನು ಬಿಡಿಸಿ, ಆಮೇಲೆ ಪಟ್ಟಿ, ಕೊನೆಗೆ ಬಟನ್. ಗಾಜಿನ ಮುಂಬದಿಯಿಂದ ಒಂದು ನಿಮಿಷ ಹಗುರ ಬಿಸಿ, ಹಿಂಬದಿಯಿಂದ ಒಂದೆರಡು ಹನಿ ಆಲ್ಕೊಹಾಲ್. ಬೆರಳ ತುದಿಯಿಂದ ಮುಂದಿನಿಂದ ಒತ್ತಿದರೆ ರಬ್ಬರ್ ತಾನೇ ಸುಲಿದು ಬರುತ್ತದೆ. ಟ್ವೀಜರ್‌ನಿಂದ ರಿಬ್ಬನ್ ಹಿಡಿದು ಎಳೆದರೆ ಮುಗಿಯಿತು, ಬೆರಳಚ್ಚು ಮತ್ತೆ ಬರುವುದಿಲ್ಲ. ಗಾಜು ಬಟನ್ ಇರುವಲ್ಲೇ ಪುಡಿಯಾಗಿದ್ದರೆ ಕಷ್ಟ ಇತ್ತು, ನಿಮ್ಮದು ಎದುರು ತುದಿ, ಬಚಾವ್. ಹೊಸ ಗಾಜಿನಲ್ಲಿ ಪಟ್ಟಿಯನ್ನು ಅಂಟಿಸುವಾಗ ಬಟನ್ ಒತ್ತಿ ಟಿಕ್ ಎಂಬ ಸದ್ದು ಸರಿಯಾಗಿ ಬರುತ್ತದೆಯೇ ನೋಡುತ್ತ ಅಂಟಿಸಿ. ಅರ್ಧ ಮಿ.ಮೀ. ಹೆಚ್ಚುಕಮ್ಮಿ ಆದರೂ ಬಟನ್ ಮೊದ್ದಾಗುತ್ತದೆ.

ತಿರುಗಣೆ

ಬ್ಯಾಟರಿ ಪ್ರಶ್ನೆಗೆ: ಕಂಪ್ಯೂಟರಿಗೆ ಸಿಕ್ಕಿಸಿ ಸೈಕಲ್ ಎಣಿಕೆ (ಬ್ಯಾಟರಿ ಎಷ್ಟು ಸಲ ಪೂರ್ತಿ ಬಳಕೆಯಾಗಿದೆ ಎಂಬ ಲೆಕ್ಕ), ಉಳಿದ ಸಾಮರ್ಥ್ಯ ನೋಡಿ, ಕೋಕನಟ್‌ಬ್ಯಾಟರಿ ಥರದ ತಂತ್ರಾಂಶ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಆರೋಗ್ಯ ಕಾಣುವುದು 2024ರಿಂದ ಈಚಿನ ಐಪ್ಯಾಡ್‌ಗಳಲ್ಲಿ ಮಾತ್ರ, 9ರಲ್ಲಿ ಹುಡುಕಬೇಡಿ. ಐಪ್ಯಾಡ್ ಬ್ಯಾಟರಿ 1000 ಸೈಕಲ್‌ವರೆಗೆ 80% ಸಾಮರ್ಥ್ಯ ಉಳಿಸಿಕೊಳ್ಳುವಂತೆ ಮಾಡಿದ್ದು ಎಂದು ಆಪಲ್ ಹೇಳುತ್ತದೆ. ಉಳಿದ ಸಾಮರ್ಥ್ಯ 80%ಕ್ಕಿಂತ ಮೇಲಿದ್ದರೆ ಬ್ಯಾಟರಿ ಮುಟ್ಟಬೇಡಿ. ಬೇಗ ಇಳಿಯುವುದಕ್ಕೆ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳೂ ಕಾರಣ ಇರಬಹುದು.

ಇದರಲ್ಲಿರುವುದು 32.4 ವ್ಯಾಟ್-ಗಂಟೆಯ ಎರಡು ಕೋಶದ ಬ್ಯಾಟರಿ, ಫೋನಿನದಕ್ಕಿಂತ ಎರಡು ಮೂರು ಪಟ್ಟು ಶಕ್ತಿ, ಬೆನ್ನಿಗೆ ಅಗಲವಾಗಿ ಅಂಟಿಸಿದ್ದು. ಫೋನಿನಲ್ಲಿರುವ ಎಳೆಯುವ ಬಾಲ ಇಲ್ಲಿಲ್ಲ. ತೆಗೆಯಲೇಬೇಕಾದರೆ ಲೋಹದ ಉಪಕರಣ ಮುಟ್ಟಿಸಬಾರದು. ಕೋಶದ ಅಂಚಿಗೆ ಆಲ್ಕೊಹಾಲ್ ಕೆಲವು ಹನಿ ಬಿಟ್ಟು ಎರಡು ನಿಮಿಷ ಕಾದು, ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ಮಲಗಿಸಿಕೊಂಡೇ ತೂರಿಸುತ್ತ ಹೋಗಿ. ಕೋಶ ಬಾಗಿದರೆ ನಿಲ್ಲಿಸಿ, ಮತ್ತೆ ಹನಿ ಬಿಡಿ. ಸಂಪರ್ಕದ ನಾಲಿಗೆ ಬೋರ್ಡಿನ ಅಡಿಗೆ ಹೋಗಿರುವುದರಿಂದ ಮೇಲಕ್ಕೆ ಕೀಳುವುದಲ್ಲ, ಜಾಗ ಮಾಡಿಕೊಂಡು ಜಾರಿಸುವುದು. ಸಿಹಿಯಾದ, ನೇಲ್‌ಪಾಲಿಶ್‌ನಂಥ ವಾಸನೆ ಬಂದರೆ ಕೋಶ ಸೋರುತ್ತಿದೆ, ಎಲ್ಲ ಬಿಟ್ಟು ಕಿಟಕಿ ತೆರೆದು ಟ್ಯಾಬನ್ನು ಬಯಲಿಗೆ ಒಯ್ಯಿರಿ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ತೆಗೆದ ಬ್ಯಾಟರಿಯ ಸಂಪರ್ಕಕ್ಕೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ, ಕಸದ ಬುಟ್ಟಿಗಲ್ಲ.

ನನ್ನ ಮಾತು ಕೇಳಿದರೆ ಎರಡನ್ನೂ ಒಂದೇ ದಿನ ಮಾಡಬೇಡಿ. ಎರಡು ಭಾಗ ಬದಲಿಸಿ ಟ್ಯಾಬ್ ಏಳದಿದ್ದರೆ ತಪ್ಪು ಯಾವುದರಲ್ಲಿ ಎಂದು ಹುಡುಕುವುದು ನಾಲ್ಕು ಪಟ್ಟು ಕೆಲಸ.

ಅಂಟುಪಟ್ಟಿ

ಆ ಕೊನೆಯ ಮಾತು ನಾನು ಒಪ್ಪುವುದಿಲ್ಲ. ಪ್ರತಿ ಸಲ ಬಿಚ್ಚುವಾಗಲೂ ಹೊಸ ಗಾಜು ಒಡೆಯುವ ಅಪಾಯ ಇದ್ದೇ ಇದೆ, ತೆಳು ಗಾಜು ಮೀಟುವಾಗ ಅಖಂಡ ಬರುವುದು ಅದೃಷ್ಟ. ಬ್ಯಾಟರಿ ನಿಜಕ್ಕೂ ಸೋತಿದ್ದರೆ ಈಗಲೇ ಬದಲಿಸುವುದು ವಾಸಿ. ಮೊದಲು ಬ್ಯಾಟರಿ ಹಾಕಿ, ಹಳೆಯ ಎಲ್‌ಸಿಡಿ ಸಿಕ್ಕಿಸಿ ಆನ್ ಆಗುವುದನ್ನು ನೋಡಿ, ಮತ್ತೆ ಆಫ್ ಮಾಡಿ ಬ್ಯಾಟರಿ ಕಡಿದು ಡಿಜಿಟೈಸರ್ ಹಾಕಿದರೆ ನೀವು ಹೇಳುವ ಗೊಂದಲ ಬರುವುದಿಲ್ಲ.

ರೇಡಿಯೋ_ಮೂಲೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆಂಡ್ರಾಯ್ಡ್ 10 ಇಂಚಿನ ಟ್ಯಾಬ್, ಯುಎಸ್‌ಬಿ-ಸಿ ಜಾಗದಲ್ಲಿ ಕೇಬಲ್ ಸಡಿಲ, ಓರೆ ಹಿಡಿದರೆ ಮಾತ್ರ ಚಾರ್ಜ್. ಪೋರ್ಟ್ ಬದಲಿಸುವುದು ಇದೇ ಥರದ ಕೆಲಸವೇ?

ಬೆಸುಗೆ_ಕಡ್ಡಿ

ಮೊದಲು ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬಟ್ಟೆಯ ನಾರು ಒತ್ತಿ ಒತ್ತಿ ತಳದಲ್ಲಿ ಗಟ್ಟಿ ಚಾಪೆಯಾಗಿರುತ್ತದೆ, ಕೇಬಲ್ ಪೂರ್ತಿ ಒಳಗೆ ಹೋಗುವುದಿಲ್ಲ. ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಕೆದಕಿ, ಸೂಜಿ ಬೇಡ. ಅದರಿಂದ ಸರಿಹೋಗದಿದ್ದರೆ ಬೇರೆ ಕೇಬಲ್ ಹಾಕಿ, ಸಾಧ್ಯವಾದರೆ ಯುಎಸ್‌ಬಿ ಮೀಟರ್ ಇಟ್ಟು ಆಂಪಿಯರ್ ನೋಡಿ. ಕೇಬಲ್ ಅಲ್ಲಾಡಿಸಿದಾಗ ಅಂಕಿ ಸೊನ್ನೆಗೆ ಹಾರಿ ಹಾರಿ ಬಂದರೆ ಪೋರ್ಟ್ ಸವೆದಿದೆ.

ಬಹಳ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಪೋರ್ಟ್ ಒಂದು ಚಿಕ್ಕ ಉಪ-ಬೋರ್ಡಿನ ಮೇಲಿರುತ್ತದೆ, ಫ್ಲೆಕ್ಸ್ ಕೇಬಲ್‌ನಲ್ಲಿ ಮುಖ್ಯ ಬೋರ್ಡಿಗೆ ಸೇರುತ್ತದೆ. ಸ್ಕ್ರೂ ಬಿಚ್ಚಿ ಬದಲಿಸುವುದಷ್ಟೇ. ಮೈಕ್ ಕೂಡ ಅದೇ ಬೋರ್ಡಿನಲ್ಲಿ ಇರುವುದುಂಟು, ಆದ್ದರಿಂದ ಹಳೆಯ ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆ, ಪರಿಷ್ಕರಣೆಯ ಅಕ್ಷರ ಎರಡೂ ಹೊಂದುವುದನ್ನೇ ತರಿಸಿ. ಮುಖ್ಯ ಬೋರ್ಡಿಗೇ ಬೆಸೆದಿದ್ದರೆ 24 ಸಂಪರ್ಕದ ಬೆಸುಗೆ, ಕೈ ಪಳಗಿದವರಿಗೆ ಬಿಡಿ. ಮೇಲೆ ಚರ್ಚೆಯಲ್ಲಿರುವ ಐಪ್ಯಾಡ್‌ನಲ್ಲೂ ಲೈಟ್ನಿಂಗ್ ಪೋರ್ಟ್ ಬೋರ್ಡಿಗೇ ಬೆಸೆದದ್ದು. ಬೆನ್ನು ತೆಗೆಯುವ ಮುನ್ನ ಕಾರ್ಡ್ ಟ್ರೇ ಹೊರಗೆಳೆಯಿರಿ. ಮರೆತು ಕವರ್ ಮೀಟಿದರೆ ಟ್ರೇ ಸ್ಲಾಟನ್ನು ಮುರಿದುಕೊಂಡೇ ಬರುತ್ತದೆ.

ಸ್ಲೇಟು_ಬಳಪ

ಉಳಿದ ಸಾಮರ್ಥ್ಯ 84% ಬಂತು, ಬ್ಯಾಟರಿ ಬಿಟ್ಟೆ. ಹೊಸ ಗಾಜಿನಲ್ಲಿ ಹೋಮ್ ಬಟನ್ ಕೂತಿದೆ, ಮೂಲೆ ಸರಿಯಾಗಿದೆ, ಟೇಪ್ ಅಂಟಿಸದೆ ಎಲ್ಲ ಸಿಕ್ಕಿಸಿ ಆನ್ ಮಾಡಿದರೆ ಎರಡು ತೊಂದರೆ. ಒಂದು, ಗಾಜು ಮೇಲೆತ್ತಿ ಹಿಡಿದಾಗ ಟಚ್ ಚೆನ್ನಾಗಿದೆ, ಚೌಕಟ್ಟಿಗೆ ಇಳಿಸಿದ ಕೂಡಲೇ ರಿಬ್ಬನ್ ಇರುವ ಅಂಚಿನ ಉದ್ದಕ್ಕೂ ತಾನೇ ಒತ್ತಿಕೊಳ್ಳುತ್ತಿದೆ. ಇನ್ನೊಂದು, ಬಿಳಿ ಪರದೆ ತಂದರೆ ಬಲಭಾಗದಲ್ಲಿ ಉಗುರಿನಷ್ಟು ಅಗಲ ಜಾಗ ಹೆಚ್ಚು ಬೆಳ್ಳಗೆ ಕಾಣುತ್ತಿದೆ.

ತಿರುಗಣೆ

ಮೊದಲನೆಯದಕ್ಕೆ ನೀವೇ ಉತ್ತರ ಕೊಟ್ಟಿದ್ದೀರಿ. ಮೇಲೆತ್ತಿದಾಗ ಸರಿ, ಇಳಿಸಿದಾಗ ಹುಚ್ಚು ಎಂದರೆ ಡಿಜಿಟೈಸರ್‌ನ ರಿಬ್ಬನ್ನಿನ ಮೇಲೆ ತೆರೆದಿರುವ ತಾಮ್ರ ಅಥವಾ ಬೆಸುಗೆಯ ಜಾಗ ಚೌಕಟ್ಟಿನ ಲೋಹಕ್ಕೆ ತಾಗುತ್ತಿದೆ. ಬೆರಳು ಮುಟ್ಟಿದ ಹಾಗೇ ಅದು ಲೆಕ್ಕ ಹಾಕುತ್ತದೆ. ಬ್ಯಾಟರಿ ಕಡಿದು, ರಿಬ್ಬನ್ ಮಡಚುವ ಜಾಗಕ್ಕೂ ಅದು ಎದುರಾಗುವ ಚೌಕಟ್ಟಿನ ಒಳಬದಿಗೂ ಒಂದೊಂದು ಪದರ ಕ್ಯಾಪ್ಟಾನ್ ಟೇಪ್ ಹಚ್ಚಿ. ಎರಡು ಪದರ ಬೇಡ, ದಪ್ಪವಾದರೆ ಗಾಜು ಕೂರುವುದಿಲ್ಲ. ರಿಬ್ಬನ್ ಮೊದಲು ಹೇಗೆ ಮಡಚಿತ್ತೋ ಹಾಗೇ ಮಡಚಿರಬೇಕು, ಹೊಸ ಮಡಿಕೆ ಹಾಕಿದರೆ ಒಳಗಿನ ಎಳೆ ತುಂಡಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ: ಒಂದು ಆ್ಯಪ್ ಐಕಾನ್ ಒತ್ತಿ ಹಿಡಿದು, ಬೆರಳು ಎತ್ತದೆ ಪರದೆಯ ಪ್ರತಿ ಅಂಚಿನವರೆಗೂ ಎಳೆಯಿರಿ. ಎಲ್ಲಾದರೂ ಕೈ ಬಿಟ್ಟು ಬಿದ್ದರೆ ಅಲ್ಲಿ ಟಚ್ ಸತ್ತಿದೆ. ಚಾರ್ಜರ್ ಸಿಕ್ಕಿಸಿಕೊಂಡು ಮತ್ತೊಮ್ಮೆ ಮಾಡಿ, ಕೆಲವು ಅಗ್ಗದ ಡಿಜಿಟೈಸರ್ ಚಾರ್ಜ್ ಆಗುವಾಗ ಮಾತ್ರ ಹಾರಾಡುತ್ತವೆ. ಆಪಲ್ ಪೆನ್ಸಿಲ್ ಬಳಸುವವರಾದರೆ ಅದರಲ್ಲಿ ನಿಧಾನವಾಗಿ ಓರೆ ಗೆರೆ ಎಳೆಯಿರಿ, ಗೆರೆ ಮೆಟ್ಟಿಲಾದರೆ ಅಥವಾ ತುಂಡಾದರೆ ಆ ಗಾಜನ್ನು ಅಂಟಿಸದೆ ವಾಪಸ್ ಕಳಿಸಿ.

ಬೆಸುಗೆ_ಕಡ್ಡಿ

ಬಿಳಿ ಜಾಗ ಎಂದರೆ ಎಲ್‌ಸಿಡಿಯ ಬೆನ್ನಿಗೆ ಏನೋ ಒತ್ತುತ್ತಿದೆ. ಉದುರಿದ ಸ್ಕ್ರೂ, ಮಡಚಿದ ಟೇಪ್, ಗಾಜಿನ ಚೂರು, ಪಕ್ಕಕ್ಕೆ ಸರಿದ ಕೇಬಲ್, ಯಾವುದೂ ಆಗಬಹುದು. ಹಾಗೇ ಮುಚ್ಚಿದರೆ ಬಿಳಿ ಕಲೆ ಖಾಯಂ ಆಗುತ್ತದೆ. ಎಲ್‌ಸಿಡಿ ಎತ್ತಿ ಅದೇ ಜಾಗದ ಕೆಳಗೆ ಬೆರಳಾಡಿಸಿ ನೋಡಿ, ಸ್ಕ್ರೂಗಳನ್ನು ಎಣಿಸಿ.

ಸ್ಲೇಟು_ಬಳಪ

ಸಿಕ್ಕಿತು. ಸಾಸಿವೆಯಷ್ಟು ಗಾಜಿನ ಚೂರು, ಬ್ಯಾಟರಿಯ ಮೇಲೆ ಕೂತಿತ್ತು, ಕೋಶದ ಹೊದಿಕೆಗೆ ಏನೂ ಆಗಿಲ್ಲ. ತೆಗೆದ ಮೇಲೆ ಬಿಳಿ ಕಲೆ ಹೋಯಿತು. ಕ್ಯಾಪ್ಟಾನ್ ಹಚ್ಚಿದ ಮೇಲೆ ತಾನೇ ಒತ್ತಿಕೊಳ್ಳುವುದೂ ನಿಂತಿದೆ, ಐಕಾನ್ ನಾಲ್ಕೂ ಅಂಚು ಮುಟ್ಟಿತು. ಇನ್ನು ಮುಚ್ಚುವುದೊಂದೇ. ಭಾರ ಎಷ್ಟು ಹೊತ್ತು ಇಡಬೇಕು?

ಅಂಟುಪಟ್ಟಿ

ಗಾಜಿನ ಒಳಬದಿಯ ರಕ್ಷಣಾ ಹಾಳೆ ಈಗ ತೆಗೆಯಿರಿ, ಅದಕ್ಕೂ ಮುಂಚೆ ಅಲ್ಲ. ರಬ್ಬರ್ ಬುರುಡೆಯಿಂದ ಊದಿ, ಉಳಿದ ನಾರನ್ನು ಟೇಪಿನ ಅಂಟು ಬದಿ ತಾಗಿಸಿ ಎತ್ತಿ, ಬಟ್ಟೆಯಿಂದ ಉಜ್ಜಬೇಡಿ. ಉಜ್ಜಿದಷ್ಟೂ ಸ್ಥಾಯೀ ವಿದ್ಯುತ್ತಿಗೆ ಧೂಳು ಓಡಿ ಬರುತ್ತದೆ. ಕ್ಯಾಮೆರಾ ರಂಧ್ರದ ಎದುರು ಬೆರಳ ಗುರುತು ಇಲ್ಲವೇ ನೋಡಿ, ಮುಚ್ಚಿದ ಮೇಲೆ ಪ್ರತಿ ಫೋಟೋದಲ್ಲೂ ಮಂಜು ಕಾಣುತ್ತದೆ.

ಟೇಪಿನ ಮೇಲುಹಾಳೆ ತೆಗೆದು ರಿಬ್ಬನ್ ಅಂಚಿನಿಂದ ಇಳಿಸುತ್ತ ಬನ್ನಿ, ಅಂಚುಗಳನ್ನು ಬೆರಳಿನಿಂದ ಹತ್ತು ಹತ್ತು ಸೆಕೆಂಡ್ ಒತ್ತಿ. ಆಮೇಲೆ ಡ್ರೈಯರ್‌ನಿಂದ ಅಂಚನ್ನು ಉಗುರು ಬೆಚ್ಚಗೆ ಮಾಡಿ, ಟೇಪ್ ಹಿಡಿತ ಬೆಚ್ಚಗಿರುವಾಗಲೇ ಚೆನ್ನಾಗಿ ಕೂರುತ್ತದೆ. ಮಡಚಿದ ಟವೆಲ್ ಹಾಸಿ ಅದರ ಮೇಲೆ ಎರಡು ಮೂರು ದಪ್ಪ ಪುಸ್ತಕ, ಒಂದು ರಾತ್ರಿ. ಟವೆಲ್ಲಿನಲ್ಲಿ ಹೋಮ್ ಬಟನ್ ಬರುವ ಜಾಗವನ್ನು ಮಾತ್ರ ಹಿಂದಕ್ಕೆ ಮಡಚಿಬಿಡಿ. ಬಟನ್ ರಾತ್ರಿಯಿಡೀ ಒತ್ತಿಕೊಂಡಿದ್ದರೆ ಹಿಂದಿನ ಪಟ್ಟಿಯ ಹೊಸ ಅಂಟು ಬಿಟ್ಟುಕೊಳ್ಳುತ್ತದೆ.